ರೋಮ್‌ಗೆ ಹೋಗುವವರು ಓಸ್ತಿಯಾ ಬಂದರನ್ನು ಬಿಡಬೇಡಿ: ಒಂದು ಮೂಟೆ ಗೋಧಿಯ ಹಿಂದೆ ನಡೆಯಿರಿ

ತುಂಗಾತೀರ ಬರೆದದ್ದು:

ಇಟಲಿ ಪ್ರವಾಸದ ಬಗ್ಗೆ ಇಲ್ಲಿ ಕೇಳುವವರೆಲ್ಲ ಕೊಲೊಸಿಯಂ, ವ್ಯಾಟಿಕನ್, ಪೊಂಪೇ ಅಂತ ಪಟ್ಟಿ ಹಾಕಿಕೊಂಡೇ ಬರುತ್ತಾರೆ. ಆ ಪಟ್ಟಿಯಲ್ಲಿ ಓಸ್ತಿಯಾ ಕಾಣುವುದೇ ಅಪರೂಪ. ರೋಮ್‌ನಿಂದ ಸುಮಾರು ಅರ್ಧ ಗಂಟೆಯ ಲೋಕಲ್ ರೈಲಿನ ದಾರಿ. ಇಡೀ ಒಂದು ಬಂದರು ಪಟ್ಟಣ, ಬೀದಿ ಬೀದಿಯೇ ಉಳಿದುಕೊಂಡಿದೆ. ಅದಕ್ಕೆ ಒಂದು ಪೂರ್ತಿ ದಿನ ಇಡಿ ಎಂದು ಹೇಳುವುದಕ್ಕೇ ಈ ಬರಹ.

ಓಸ್ತಿಯಾ ಟೈಬರ್ ನದಿಯ ಅಳಿವೆಯಲ್ಲಿ ಬೆಳೆದ ಊರು. ಆಂಕಸ್ ಮಾರ್ಷಿಯಸ್ ಎಂಬ ದೊರೆ ಕಟ್ಟಿಸಿದ ಎಂದು ರೋಮನ್ನರ ಐತಿಹ್ಯ. ಅಗೆತದಲ್ಲಿ ಸಿಕ್ಕಿದ ಅತಿ ಹಳೆಯ ಕೋಟೆ ಕ್ರಿ.ಪೂ. 4ನೇ ಶತಮಾನದ್ದು. ಕ್ರಿ.ಶ. 2ನೇ ಶತಮಾನದ ಹೊತ್ತಿಗೆ ಸುಮಾರು 50 ಸಾವಿರ ಜನ ಇದ್ದಿರಬಹುದು ಎಂದು ಅಂದಾಜು. ಅರಮನೆಗಳ ಊರಲ್ಲ ಇದು. ಹಮಾಲರು, ದೋಣಿಯವರು, ಹಗ್ಗ ಹೊಸೆಯುವವರು, ಕೊಳಗ ಅಳೆಯುವವರು, ರೊಟ್ಟಿ ಸುಡುವವರು ಬದುಕಿದ ಊರು. ನನಗೆ ಇದರ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದು ಅದಕ್ಕೇ.

ಒಳಗೆ ಕಾಲಿಟ್ಟ ಕೂಡಲೇ ಎಲ್ಲಿಂದ ಶುರು ಮಾಡಬೇಕು ಎಂದು ತೋಚುವುದಿಲ್ಲ, ಅಷ್ಟು ದೊಡ್ಡದು. ಫಲಕಗಳನ್ನು ಒಂದೊಂದಾಗಿ ಓದುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಗೋಡೆಗಳೂ ಒಂದೇ ಥರ ಕಾಣುತ್ತವೆ. ನನ್ನ ಸಲಹೆ ಇಷ್ಟೇ: ಒಂದು ಮೂಟೆ ಗೋಧಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಹಿಂದೆ ನಡೆಯಿರಿ.

ರೋಮ್ ತನ್ನ ಹೊಟ್ಟೆಗೆ ತಾನು ಬೆಳೆದುಕೊಳ್ಳುತ್ತಿರಲಿಲ್ಲ. ಈಜಿಪ್ಟ್, ಉತ್ತರ ಆಫ್ರಿಕಾ, ಸಿಸಿಲಿ, ಸಾರ್ಡೀನಿಯಾಗಳಿಂದ ಗೋಧಿ ಹಡಗಿನಲ್ಲಿ ಬರಬೇಕಿತ್ತು. ಅಗಸ್ಟಸ್ ಕಾಲದಲ್ಲಿ ಸುಮಾರು 2 ಲಕ್ಷ ಪೌರರಿಗೆ ಸರ್ಕಾರದಿಂದ ಪುಕ್ಕಟೆ ಪಡಿತರ ಸಿಗುತ್ತಿತ್ತು. ಹಡಗು ತಡವಾದರೆ ರಾಜಧಾನಿಯಲ್ಲಿ ಗಲಭೆ. ಆ ಭಾರವನ್ನೆಲ್ಲ ಹೊತ್ತದ್ದು ಈ ಅಳಿವೆ.

ಮೊದಲು ನಾಟಕ ಶಾಲೆಯ ಹಿಂದಿನ ಚೌಕಕ್ಕೆ ಹೋಗಿ. ಇಟಾಲಿಯನ್ನರು ಅದನ್ನು ಪಿಯಾತ್ಸಾಲೆ ದೆಲ್ಲೆ ಕಾರ್ಪೊರಾತ್ಸಿಯೋನಿ ಎನ್ನುತ್ತಾರೆ, ಅಂದರೆ ವೃತ್ತಿ ಸಂಘಗಳ ಚೌಕ. ಸುತ್ತಲೂ ಸುಮಾರು 60 ಪುಟ್ಟ ಕೋಣೆಗಳು, ಮುಂದಿನ ನೆಲದಲ್ಲಿ ಕಪ್ಪು ಬಿಳುಪು ಮೊಸಾಯಿಕ್. ಅವೇ ಅಂಗಡಿಯ ಬೋರ್ಡು. ಕಾರ್ತೇಜಿನ ಹಡಗು ಮಾಲೀಕರು, ಈಗಿನ ಫ್ರಾನ್ಸಿನಲ್ಲಿರುವ ನಾರ್ಬೋನಿನವರು, ಸಾರ್ಡೀನಿಯಾದ ಕಾಲ್ಯಾರಿಯ ವರ್ತಕರು, ಹಗ್ಗ ಮತ್ತು ನಾರಿನ ವ್ಯಾಪಾರಿಗಳು, ಚರ್ಮ ಹದ ಮಾಡುವವರು, ಎಲ್ಲರೂ ಅಲ್ಲಿದ್ದಾರೆ. ಲಿಬಿಯಾದ ಸಬ್ರಾತಾ ಊರಿನವರು ತಮ್ಮ ಕೋಣೆಯ ಮುಂದೆ ಒಂದು ಆನೆಯನ್ನು ಬಿಡಿಸಿದ್ದಾರೆ. ಹಾಯಿ ಬಿಚ್ಚಿದ ಹಡಗು, ಕೊಳಗ, ಡಾಲ್ಫಿನ್, ದೀಪಸ್ತಂಭ. ಓದು ಬಾರದ ನಾವಿಕನೂ ತನಗೆ ಬೇಕಾದ ಬಾಗಿಲು ಯಾವುದೆಂದು ನೆಲ ನೋಡಿಯೇ ಹುಡುಕಿಕೊಳ್ಳಬಹುದಿತ್ತು.

ಅಲ್ಲಿಂದ ಉಗ್ರಾಣಗಳಿಗೆ. ಗ್ರಾಂದಿ ಹೊರ್ರೆಯಾ ಎಂಬ ದೊಡ್ಡ ಕಣಜದಲ್ಲಿ ಬಗ್ಗಿ ನೆಲ ನೋಡಿ. ಕೆಳಗೆ ಸಾಲು ಸಾಲು ಗಿಡ್ಡ ಗೋಡೆಗಳನ್ನು ಕಟ್ಟಿ ಅದರ ಮೇಲೆ ನೆಲ ಹಾಸಿದ್ದಾರೆ. ಅಡಿಯಲ್ಲಿ ಗಾಳಿ ಆಡಬೇಕು, ಕಾಳಿಗೆ ತೇವ ತಾಗಬಾರದು. ಪಕ್ಕದಲ್ಲೇ ಗಿರಣಿ ಬೀದಿ. ಅಲ್ಲಿ ಕರಿ ಜ್ವಾಲಾಮುಖಿ ಕಲ್ಲಿನ ಆಳೆತ್ತರದ ಬೀಸುವ ಕಲ್ಲುಗಳು ಇಂದಿಗೂ ನಿಂತಿವೆ. ಕತ್ತೆಗಳು ಸುತ್ತು ಹಾಕಿದ ಜಾಗವನ್ನು ಸುತ್ತ ನಿಂತು ನೋಡಬಹುದು. ಎರಡು ಹೆಜ್ಜೆ ಮುಂದೆ ಡಯಾನಾ ಬೀದಿಯ ಹೋಟೆಲು: ಕಲ್ಲಿನ ಕೌಂಟರ್, ಸಾಮಾನು ಜೋಡಿಸುವ ಮೆಟ್ಟಿಲು, ಗೋಡೆಯ ಮೇಲೆ ತಿನಿಸುಗಳ ಚಿತ್ರ, ಹಿಂದೆ ಕೂತು ತಿನ್ನಲು ಅಂಗಳ.

ಇದಾದ ಮೇಲೆ ಪಶ್ಚಿಮದ ಕಡೆ ಕೊಳಗದವರ ಸಂಘದ ಸಭಾಂಗಣ ಹುಡುಕಿ. ನೆಲದ ಮೊಸಾಯಿಕ್‌ನಲ್ಲಿ ಮೂಟೆ ಹೊತ್ತ ಹಮಾಲ ಇದ್ದಾನೆ, ತುಂಬಿದ ಕೊಳಗದ ಪಕ್ಕ ಸಮತಟ್ಟು ಮಾಡುವ ಕೋಲು ಹಿಡಿದವನೂ ಇದ್ದಾನೆ. ಮೂಟೆ ಹೊರುವವನ ಚಿತ್ರವನ್ನು ಇಷ್ಟು ಗೌರವದಿಂದ ನಡುಮನೆಯ ನೆಲದಲ್ಲಿ ಬರೆಸಿದ ಊರು ಎಷ್ಟಿವೆ?

ಹೋಗಿಬಂದವರು ದಯವಿಟ್ಟು ಸೇರಿಸಿ.

ಧಾರವಾಡ ಮಳೆ ಬರೆದದ್ದು:

ಛಲೋ ಬರದೀರಿ ನೋಡ್ರಿ. ನಾವು ಸೆಪ್ಟೆಂಬರದಾಗ ಹೊಂಟೀವಿ, ಅಪ್ಪ ಅವ್ವ ಇಬ್ಬರನೂ ಕರಕೊಂಡು. ಅವ್ವಗ ಮೊಳಕಾಲು ನೋವೈತಿ. ಪೊಂಪೇ ಅಂದ್ರ ಭಾಳ ನಡೀಬೇಕು ಅಂತ ಕೇಳೀನಿ. ಇಲ್ಲಿ ಹೆಂಗ? ನೆರಳು, ನೀರು ಏನಾರ ಐತೇನು? ಹಂಗೇ ರೈಲು ಎಲ್ಲಿ ಹತ್ತಬೇಕು ಅನ್ನೂದನೂ ಹೇಳಿಬಿಡ್ರಿ.

ತುಂಗಾತೀರ ಬರೆದದ್ದು:

ಮೆಟ್ರೊ ಬಿ ಮಾರ್ಗದಲ್ಲಿ ಪಿರಾಮಿದೆ ನಿಲ್ದಾಣದಲ್ಲಿ ಇಳಿಯಿರಿ. ಪಕ್ಕದಲ್ಲೇ ಪೋರ್ತಾ ಸಾನ್ ಪಾವ್ಲೊ ಎಂಬ ಪುಟ್ಟ ರೈಲು ನಿಲ್ದಾಣ. ಅಲ್ಲಿಂದ ಲೀದೊ ಕಡಲತೀರಕ್ಕೆ ಹೋಗುವ ಗಾಡಿ, ಈಗ ಅದನ್ನು ಮೆಟ್ರೊಮಾರೆ ಎನ್ನುತ್ತಾರೆ. ಇಳಿಯುವುದು ಓಸ್ತಿಯಾ ಆಂತಿಕಾದಲ್ಲಿ. ಹೆಸರಿನಲ್ಲಿ ಓಸ್ತಿಯಾ ಇರುವ ನಿಲ್ದಾಣಗಳು ಮುಂದೆಯೂ ಇವೆ, ಆಂತಿಕಾ ಎಂಬುದನ್ನು ಗಮನಿಸಿ. ರಸ್ತೆ ದಾಟಲು ಮೇಲ್ಸೇತುವೆ ಇದೆ, ಆಮೇಲೆ ನಾಲ್ಕು ಹೆಜ್ಜೆ. ಸೋಮವಾರ ರಜೆ, ಅದನ್ನು ಮರೆಯಬೇಡಿ.

ಅಮ್ಮನ ಮೊಣಕಾಲಿನ ಮಾತು: ಏರು ಇಲ್ಲ, ಊರು ಸಮತಟ್ಟು. ಆದರೆ ಮುಖ್ಯ ಬೀದಿಯ ಹಾಸುಗಲ್ಲುಗಳು ಉಬ್ಬುತಗ್ಗು, ಗಾಡಿಗಳು ಉರುಳಿ ಸವೆದ ಕಲ್ಲುಗಳು. ಬೀದಿಯ ಅಂಚಿನ ಮಣ್ಣು ದಾರಿಯಲ್ಲಿ ನಡೆಸಿ, ಊರುಗೋಲು ಇದ್ದರೆ ಒಳ್ಳೆಯದು. ಬಾಗಿಲಿನಿಂದ ನಾಟಕ ಶಾಲೆವರೆಗೆ ಬಂದು ಸಂಘಗಳ ಚೌಕ ನೋಡಿದರೆ ಅವರಿಗೆ ಅಷ್ಟೇ ಸಾಕು, ಅದೇ ಈ ಊರಿನ ಹೃದಯ. ಕೊಡೆ ಪೈನ್ ಮರಗಳ ನೆರಳು ಅಲ್ಲಲ್ಲಿ ಚೆನ್ನಾಗಿದೆ. ಕುಡಿಯುವ ನೀರಿನ ನಲ್ಲಿಗಳಿವೆ, ಒಳಗೆ ಕ್ಯಾಂಟೀನೂ ಇದೆ. ಟೋಪಿ ತಪ್ಪದೆ ಇರಲಿ, ಸೆಪ್ಟೆಂಬರ್‌ನಲ್ಲೂ ಮಧ್ಯಾಹ್ನದ ಬಿಸಿಲು ಕಟುವೇ.

ವಿಸೂವಿಯಸ್ ಅಭಿಮಾನಿ ಬರೆದದ್ದು:

ಒಪ್ಪುತ್ತೇನೆ, ಆದರೆ ಪೊಂಪೇ ಬಿಟ್ಟು ಓಸ್ತಿಯಾಗೆ ಹೋಗಿ ಎನ್ನುವುದಾದರೆ ನನ್ನ ತಕರಾರಿದೆ. ಕ್ರಿ.ಶ. 79ರಲ್ಲಿ ಬೂದಿ ಮುಚ್ಚಿದ್ದರಿಂದ ಪೊಂಪೇಯಲ್ಲಿ ಗೋಡೆಯ ಬಣ್ಣ, ಒಲೆಯಲ್ಲಿದ್ದ ರೊಟ್ಟಿ, ಮನುಷ್ಯರ ಅಚ್ಚು ಕೂಡ ಉಳಿದಿದೆ. ಓಸ್ತಿಯಾದಲ್ಲಿ ಉಳಿದಿರುವುದು ಇಟ್ಟಿಗೆ. ಮಕ್ಕಳಿಗೆ, ಮೊದಲ ಸಲ ನೋಡುವವರಿಗೆ ಪೊಂಪೇ ಕೊಡುವ ಬೆರಗು ಇಲ್ಲಿ ಸಿಗುವುದಿಲ್ಲ. ಜೀವನದಲ್ಲಿ ಒಮ್ಮೆ ಇಟಲಿಗೆ ಹೋಗುವವರಿಗೆ ನಾನು ಪೊಂಪೇ ಎಂದೇ ಹೇಳುವುದು.

ಗಾರೆ ಕೆಲಸ ಬರೆದದ್ದು:

ವಿಸೂವಿಯಸ್ ಅಭಿಮಾನಿ ಅವರೇ, ಇಟ್ಟಿಗೆಯ ಪರವಾಗಿ ನಾನೊಬ್ಬ ಮಾತಾಡಲೇಬೇಕು. ಸಿವಿಲ್ ಎಂಜಿನಿಯರ್ ಆಗಿ ಮೂರು ದಶಕ ಇಟ್ಟಿಗೆ ಕಾಂಕ್ರೀಟಿನ ನಡುವೆಯೇ ಇದ್ದವನು.

ಪೊಂಪೇಯಲ್ಲಿ ನೀವು ಕಾಣುವುದು ಹೆಚ್ಚಾಗಿ ತೊಟ್ಟಿ ಮನೆಗಳು. ಓಸ್ತಿಯಾದಲ್ಲಿರುವುದು ಅಪಾರ್ಟ್‌ಮೆಂಟು. ಲ್ಯಾಟಿನ್‌ನಲ್ಲಿ ಇನ್ಸುಲಾ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ, ಮೂರು ನಾಲ್ಕು ಅಂತಸ್ತು. ಡಯಾನಾ ಮನೆ ಎಂಬ ಕಟ್ಟಡದ ಮುಂದೆ ನಿಂತು ಮೇಲೆ ನೋಡಿ, ಬಾಲ್ಕನಿಗೆ ಆಧಾರವಾಗಿದ್ದ ಕಮಾನು ಸಾಲು ಇನ್ನೂ ಇದೆ. ರೋಮ್ ನಗರದ ಬಹುಪಾಲು ಜನ ಇಂಥ ಕಟ್ಟಡಗಳಲ್ಲೇ ಇದ್ದರು, ಆದರೆ ರೋಮ್‌ನಲ್ಲಿ ಅವೆಲ್ಲ ಮುಂದಿನ ಕಟ್ಟಡಗಳ ಅಡಿಗೆ ಹೋದವು. ರೋಮ್‌ನ ಸಾಮಾನ್ಯ ಜನ ಎಂಥ ಬೀದಿಯಲ್ಲಿ ಬದುಕಿದರು ಎಂದು ನೋಡಲು ರೋಮ್ ಬಿಟ್ಟು ಓಸ್ತಿಯಾಗೇ ಬರಬೇಕು.

ಇಟ್ಟಿಗೆಗಳ ಮೇಲೆ ಮುದ್ರೆಗಳಿವೆ. 123ನೇ ಇಸವಿಯಲ್ಲಿ ಆ ವರ್ಷದ ಕಾನ್ಸಲ್‌ಗಳ, ಅಂದರೆ ರೋಮ್‌ನ ಉನ್ನತ ಅಧಿಕಾರಿಗಳ ಹೆಸರನ್ನು ಒತ್ತಿದ ಇಟ್ಟಿಗೆ ಹೇರಳವಾಗಿ ಬಂತು. ಗೋಡೆಯ ವಯಸ್ಸನ್ನು ಗೋಡೆಯೇ ಹೇಳುತ್ತದೆ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಈ ಊರನ್ನು ಎಷ್ಟು ಭರದಿಂದ ಮತ್ತೆ ಕಟ್ಟಿದರು ಎಂದು ಗೊತ್ತಾದದ್ದು ಇಂಥ ಮುದ್ರೆಗಳಿಂದ.

ಇನ್ನು ಬಂದರಿನ ಕತೆ. ಓಸ್ತಿಯಾ ಬಂದರು ಊರು ಎನ್ನುತ್ತೇವೆ, ಆದರೆ ಅದಕ್ಕೆ ಸರಿಯಾದ ಬಂದರೇ ಇರಲಿಲ್ಲ. ಟೈಬರ್ ತರುವ ಹೂಳಿನಿಂದ ಅಳಿವೆ ಕಟ್ಟಿಕೊಳ್ಳುತ್ತಿತ್ತು. ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಇದನ್ನು ಅಂದೇ ಬರೆದಿಟ್ಟಿದ್ದಾನೆ: ದೊಡ್ಡ ಹಡಗುಗಳು ಹೊರಗಡೆ ಅಲೆಯಲ್ಲೇ ಲಂಗರು ಹಾಕಿ, ಸಣ್ಣ ದೋಣಿಗಳಿಗೆ ಸರಕು ಇಳಿಸಬೇಕಿತ್ತು. ಈಜಿಪ್ಟಿನ ದೊಡ್ಡ ಗೋಧಿ ಹಡಗುಗಳು ಇಲ್ಲಿಗೆ ಬರುವ ಬದಲು ದಕ್ಷಿಣಕ್ಕೆ ನೇಪಲ್ಸ್ ಕೊಲ್ಲಿಯ ಪುತೆಯೋಲಿಯಲ್ಲಿ ನಿಲ್ಲುತ್ತಿದ್ದವು.

ಕ್ಲಾಡಿಯಸ್ ಚಕ್ರವರ್ತಿ 42ರಲ್ಲಿ ಅಳಿವೆಯ ಉತ್ತರಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ ಹೊಸ ಬಂದರಿಗೆ ಕೈಹಾಕಿದ. ಅದೇ ಪೋರ್ತುಸ್. ಕಡಲಿನೊಳಕ್ಕೆ ಎರಡು ತೋಳಿನಂತೆ ಒಡ್ಡು ಚಾಚಿದರು. ಕಾಲಿಗುಲನ ಕಾಲದಲ್ಲಿ ಈಜಿಪ್ಟಿನಿಂದ ಒಬೆಲಿಸ್ಕ್ ಹೊತ್ತು ತಂದಿದ್ದ ಭಾರಿ ಹಡಗನ್ನೇ ಮುಳುಗಿಸಿ, ದೀಪಸ್ತಂಭಕ್ಕೆ ಅಡಿಪಾಯ ಮಾಡಿದರು. ನೀರಿನಡಿ ಗಟ್ಟಿಯಾಗುವ ಪೊಜ್ಜೋಲಾನಾ ಬೂದಿಯ ಕಾಂಕ್ರೀಟು ಅವರ ಕೈಯಲ್ಲಿತ್ತು. ಇಷ್ಟಾದರೂ ಒಡ್ಡಿನ ಒಳಗಿನ ನೀರು ತೀರಾ ವಿಶಾಲವಾಗಿತ್ತು. 62ರ ಬಿರುಗಾಳಿಯಲ್ಲಿ ಬಂದರಿನ ಒಳಗೇ ಸುಮಾರು 200 ಹಡಗು ಹಾಳಾದವು ಎಂದು ಟಾಸಿಟಸ್ ಬರೆದಿದ್ದಾನೆ. ಅದರ ಪಾಠ ಕಲಿತು ಟ್ರಾಜನ್ ಒಳಭಾಗದಲ್ಲಿ ಷಟ್ಕೋನದ ಕೊಳ ತೋಡಿಸಿದ. ಒಂದೊಂದು ಬದಿ ಸುಮಾರು 358 ಮೀಟರ್. ಆರು ಬದಿಯಲ್ಲೂ ಧಕ್ಕೆ, ಧಕ್ಕೆಯ ಹಿಂದೆ ಉಗ್ರಾಣ, ಅಲ್ಲಿಂದ ಕಾಲುವೆ ಮೂಲಕ ಟೈಬರ್‌ಗೆ. ರೋಮ್‌ನ ಫ್ಯೂಮಿಚಿನೊ ನಿಲ್ದಾಣದಲ್ಲಿ ವಿಮಾನ ಇಳಿಯುವಾಗ ಕಿಟಕಿಯ ಪಕ್ಕ ಕೂತರೆ ಆ ಷಟ್ಕೋನ ಇಂದಿಗೂ ನೀರು ತುಂಬಿಕೊಂಡು ಕಾಣುತ್ತದೆ. ಸುಮಾರು 1,900 ವರ್ಷವಾದರೂ ಗೆರೆ ಕದಲಿಲ್ಲ.

ಕುಂದಾಪುರ ಕಡಲು ಬರೆದದ್ದು:

ಗಾರೆ ಕೆಲಸ ಸರ್, ಹೂಳಿನ ಮಾತು ಓದಿ ಬಸ್ರೂರು ನೆನಪಾಯಿತು. ಪೋರ್ಚುಗೀಸರ ಕಾಲದಲ್ಲಿ ಅಕ್ಕಿ ತುಂಬಿದ ಹಡಗುಗಳು ಹೊರಟ ಬಂದರು, ಈಗ ಹೊಳೆ ಬದಿಯ ಶಾಂತ ಹಳ್ಳಿ. ಅಳಿವೆಯ ಊರಿನವರಿಗೆ ಓಸ್ತಿಯಾ ಬೇಗ ಅರ್ಥವಾಗುತ್ತದೆ ಅನಿಸುತ್ತದೆ. ಈಗ ಅಲ್ಲಿಂದ ಕಡಲು ಎಷ್ಟು ದೂರ?

ಮತ್ತೊಂದು ಪ್ರಶ್ನೆ. ನಮ್ಮ ಕರಾವಳಿಯ ಕಾಳುಮೆಣಸು ಈ ಓಸ್ತಿಯಾ ಧಕ್ಕೆಯಲ್ಲೇ ಇಳಿಯುತ್ತಿತ್ತು ಎಂದು ಒಂದು ವಿಡಿಯೊದಲ್ಲಿ ಹೇಳಿದ್ದರು. ನಿಜವೇ?

ಗಾರೆ ಕೆಲಸ ಬರೆದದ್ದು:

ಕಡಲು ಈಗ 3–4 ಕಿಲೋಮೀಟರ್ ಆಚೆ. ಪೋರ್ತಾ ಮರೀನಾ, ಅಂದರೆ ಕಡಲ ಬಾಗಿಲಿನಲ್ಲಿ ನಿಂತರೆ ಕಾಣುವುದು ಹುಲ್ಲು ಮತ್ತು ರಸ್ತೆ. ನದಿಯೂ ಊರು ಬಿಟ್ಟು ಹೋಯಿತು. 1557ರ ಮಹಾಪೂರದಲ್ಲಿ ಟೈಬರ್ ದಿಕ್ಕು ಬದಲಿಸಿತು. ಮೆಣಸಿನ ವಿಷಯ ಬಲ್ಲವರು ಹೇಳಲಿ.

ನಾಣ್ಯದ ಜೋಳಿಗೆ ಬರೆದದ್ದು:

ಮೆಣಸಿನ ವಿಷಯ ಹೇಳುತ್ತೇನೆ. ಪುರಾವೆ ಎಷ್ಟಿದೆಯೋ ಅಷ್ಟೇ ಹೇಳೋಣ, ಅದೇ ಸಾಕಷ್ಟು ದೊಡ್ಡದಾಗಿದೆ.

ಮಲಬಾರ್ ತೀರದ ಮೆಣಸು ಮುಂಗಾರಿನ ಗಾಳಿ ನಂಬಿ ಹೋಗಿಬರುವ ಹಡಗುಗಳಲ್ಲಿ ಕೆಂಪು ಸಮುದ್ರ ದಾಟಿ ಈಜಿಪ್ಟಿನ ಬೆರೆನಿಕೆ, ಮ್ಯೋಸ್ ಹೊರ್ಮೋಸ್ ಬಂದರುಗಳಿಗೆ ಬರುತ್ತಿತ್ತು. ಬೆರೆನಿಕೆಯ ದೇವಾಲಯವೊಂದರ ಅಗೆತದಲ್ಲಿ ಭಾರತದ ಮಡಕೆಯಲ್ಲಿಟ್ಟ ಸುಮಾರು ಏಳೂವರೆ ಕಿಲೊ ಕಾಳುಮೆಣಸು ಸಿಕ್ಕಿದೆ. ಅಲ್ಲಿಂದ ಒಂಟೆಯ ಮೇಲೆ ನೈಲ್ ನದಿಗೆ, ನದಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ಇಟಲಿಗೆ. ಸರಕಿನ ಬೆಲೆಯ ಕಾಲು ಭಾಗ ಸುಂಕ. ವಿಯೆನ್ನಾದಲ್ಲಿರುವ, ಮಲಬಾರಿನ ಮುಚಿರಿ ಬಂದರಿನ ಹೆಸರು ಹೊತ್ತ ಮುಚಿರಿ ಪಪೈರಸ್ ಎಂಬ 2ನೇ ಶತಮಾನದ ಸಾಲ ಪತ್ರದಲ್ಲಿ ಹೆರ್ಮಪೊಲ್ಲೋನ್ ಎಂಬ ಒಂದೇ ಹಡಗಿನ ಸರಕಿನ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಎಂದು ಲೆಕ್ಕ ಸಿಗುತ್ತದೆ.

ಇಟಲಿಯಲ್ಲಿ ಇಳಿದದ್ದು ಎಲ್ಲಿ? ಮೊದಲ ಶತಮಾನದಲ್ಲಿ ಹೆಚ್ಚಾಗಿ ಪುತೆಯೋಲಿಯಲ್ಲಿ, ಪೋರ್ತುಸ್ ಪೂರ್ತಿಯಾದ ಮೇಲೆ ಅಲೆಕ್ಸಾಂಡ್ರಿಯಾದ ಹಡಗುಗಳು ಅಲ್ಲಿಗೂ ಬಂದವು. ರೋಮ್‌ನಲ್ಲಿ ಡೊಮಿಷಿಯನ್ ಚಕ್ರವರ್ತಿ ಮೆಣಸಿಗಾಗಿಯೇ ಉಗ್ರಾಣ ಕಟ್ಟಿಸಿದ್ದ. ಮುಂದೆ ಅದರ ಮೇಲೆಯೇ ಮ್ಯಾಕ್ಸೆನ್ಷಿಯಸನ ದೊಡ್ಡ ಬೆಸಿಲಿಕಾ ಎದ್ದಿತು. ಆದ್ದರಿಂದ ಓಸ್ತಿಯಾದ ಸಂಘಗಳ ಚೌಕದಲ್ಲಿ ಭಾರತದ ವರ್ತಕರ ಕೋಣೆ ಹುಡುಕಬೇಡಿ, ಅದಿಲ್ಲ. ಈ ವ್ಯಾಪಾರ ಅಲೆಕ್ಸಾಂಡ್ರಿಯಾದವರ ಕೈಯಲ್ಲಿತ್ತು.

ಬದಲಿಗೆ ಆ ದುಡ್ಡು ನಮ್ಮಲ್ಲಿ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದು ಹೋಗುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದು ಇದನ್ನೇ. ಓಸ್ತಿಯಾಗೆ ಹೋಗುವ ಮುನ್ನ ಚಂದ್ರವಳ್ಳಿಗೆ ಒಮ್ಮೆ ಹೋಗಿಬನ್ನಿ ಎಂದು ನಾನಂತೂ ಎಲ್ಲರಿಗೂ ಹೇಳುತ್ತೇನೆ.

ಕುಂದಾಪುರ ಕಡಲು ಬರೆದದ್ದು:

ಬಹಳ ಉಪಕಾರ ಸರ್. ಇದನ್ನು ಉಳಿಸಿಟ್ಟುಕೊಂಡೆ.

ರೋಮ್ ವಾಸಿ ಕನ್ನಡತಿ ಬರೆದದ್ದು:

ಇಲ್ಲೇ ಇರುವುದರಿಂದ ಊರಿನಿಂದ ಬಂದ ನೆಂಟರನ್ನೆಲ್ಲ ಓಸ್ತಿಯಾಗೆ ಕರೆದುಕೊಂಡು ಹೋಗುತ್ತೇನೆ. ತುಂಗಾತೀರ ಅವರ ಗೋಧಿ ದಾರಿಗೆ ಕೆಲವು ಸೇರಿಸುತ್ತೇನೆ.

ಅಗ್ನಿಶಾಮಕ ದಳದ ಬಿಡಾರ ನೋಡದೆ ಬರಬೇಡಿ. ಕಾಳಿನ ಉಗ್ರಾಣಗಳಿಗೆ ಬೆಂಕಿ ಬಿದ್ದರೆ ರೋಮ್ ಉಪವಾಸ, ಅದಕ್ಕೇ ಇಲ್ಲಿ ಕಾವಲು ಪಡೆಯನ್ನು ಇಟ್ಟಿದ್ದರು. ಅದರ ಹತ್ತಿರವೇ ನೆಪ್ಚೂನ್ ಸ್ನಾನಗೃಹ. ಮೇಲಿನ ಕಟ್ಟೆ ಹತ್ತಿ ನಿಂತರೆ ಕೆಳಗೆ ಇಡೀ ನೆಲ ಕಾಣುತ್ತದೆ: ಸಮುದ್ರ ದೇವ ನಾಲ್ಕು ಜಲಕುದುರೆಗಳನ್ನು ಓಡಿಸುತ್ತಿದ್ದಾನೆ, ಸುತ್ತ ಮೀನು, ಡಾಲ್ಫಿನ್, ಈಜುವವರು. ಚಳಿಗಾಲದಲ್ಲಿ ಕೆಲವು ಮೊಸಾಯಿಕ್‌ಗಳನ್ನು ರಕ್ಷಣೆಗಾಗಿ ಮುಚ್ಚಿರುತ್ತಾರೆ. ವಸಂತದಲ್ಲಿ ಬಂದರೆ ಒಳ್ಳೆಯದು.

ಎಪಗಾಥಸ್ ಮತ್ತು ಎಪಫ್ರೊದಿತಸ್ ಎಂಬಿಬ್ಬರ ಖಾಸಗಿ ಉಗ್ರಾಣ ನನಗೆ ಅಚ್ಚುಮೆಚ್ಚು. ಬಾಗಿಲ ಮೇಲಿನ ಅಮೃತಶಿಲೆಯಲ್ಲಿ ಅವರ ಹೆಸರು ಇನ್ನೂ ಓದಬಹುದು. ಗ್ರೀಕ್ ಹೆಸರುಗಳು, ಗುಲಾಮಗಿರಿಯಿಂದ ಬಿಡುಗಡೆಯಾದವರಿರಬೇಕು ಎನ್ನುತ್ತಾರೆ. ಸಾಮ್ರಾಜ್ಯದ ಬಂದರಿನಲ್ಲಿ ತಮ್ಮ ಹೆಸರಿನ ಬಾಗಿಲು ನಿಲ್ಲಿಸಿದ ಆ ಇಬ್ಬರ ಬಗ್ಗೆ ನನಗೆ ತುಂಬಾ ಗೌರವ.

ದೇವರುಗಳ ಮಾತಂತೂ ಕೇಳಲೇಬೇಡಿ. ರೋಮನ್ ದೇವಸ್ಥಾನಗಳ ಜೊತೆ ಪರ್ಷಿಯಾ ಮೂಲದ ಮಿತ್ರನ ಗುಡಿಗಳು ಒಂದು ಡಜನ್‌ಗಿಂತ ಹೆಚ್ಚು, ಸಿಬೆಲೆಯ ಅಂಗಳ, ಕಡಲ ಬಾಗಿಲಿನ ಆಚೆ ಯೆಹೂದಿಗಳ ಸಿನಗಾಗ್. ಈ ಸಿನಗಾಗ್ ಬೆಳಕಿಗೆ ಬಂದದ್ದು 1961ರಲ್ಲಿ, ವಿಮಾನ ನಿಲ್ದಾಣದ ರಸ್ತೆ ಕೆಲಸದಲ್ಲಿ. ನಾಲ್ಕು ಎತ್ತರದ ಕಂಬಗಳು ನಿಂತಿವೆ. ಹೆಚ್ಚಿನವರು ಅಲ್ಲಿಯವರೆಗೆ ನಡೆಯುವುದೇ ಇಲ್ಲ.

ಇನ್ನೊಂದು ಜಾಗ, ಈಸೋಲಾ ಸಾಕ್ರಾ. ಓಸ್ತಿಯಾಗೂ ಪೋರ್ತುಸ್‌ಗೂ ನಡುವಿನ ಸ್ಮಶಾನ. ಸಾಲು ಮನೆಗಳಂತೆ ಸಮಾಧಿಗಳು, ಬಾಗಿಲಿನ ಪಕ್ಕ ಸುಟ್ಟ ಮಣ್ಣಿನ ಫಲಕಗಳಲ್ಲಿ ಸತ್ತವರ ಕಸುಬು. ಸ್ಕ್ರಿಬೋನಿಯಾ ಅಟ್ಟಿಕೆ ಎಂಬ ಸೂಲಗಿತ್ತಿಯ ಸಮಾಧಿಯಲ್ಲಿ ಹೆರಿಗೆಯ ದೃಶ್ಯವೇ ಇದೆ: ಕುರ್ಚಿಯ ಮೇಲೆ ಬಸುರಿ, ಹಿಂದಿನಿಂದ ಹಿಡಿದುಕೊಂಡ ಹೆಂಗಸು, ಮುಂದೆ ಕೂತ ಸೂಲಗಿತ್ತಿ. ಅವಳ ಗಂಡ ಗಾಯಗಳಿಗೆ ಚಿಕಿತ್ಸೆ ಮಾಡುವ ವೈದ್ಯ, ಅವನ ಫಲಕವೂ ಪಕ್ಕದಲ್ಲಿದೆ. ನಾನು ದಾದಿ ಕೆಲಸದವಳು. ಎರಡು ಸಾವಿರ ವರ್ಷದ ಹಿಂದಿನ ಹೆಂಗಸೊಬ್ಬಳು ತನ್ನ ಕೆಲಸದಿಂದಲೇ ತನ್ನನ್ನು ನೆನೆಯಬೇಕು ಎಂದು ಬಯಸಿದಳಲ್ಲ, ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಹಳೇ ಪುಟ ಬರೆದದ್ದು:

ಊರು ಹೇಗೆ ಮುಗಿಯಿತು ಎಂದು ಯಾರೂ ಬರೆದಿಲ್ಲ. ಓಸ್ತಿಯಾ ಒಂದು ದಿನದಲ್ಲಿ ಸಾಯಲಿಲ್ಲ. ಕಾನ್‌ಸ್ಟಂಟೈನ್ ಪೋರ್ತುಸ್‌ಗೆ ಪ್ರತ್ಯೇಕ ನಗರದ ಸ್ಥಾನ ಕೊಟ್ಟ, ವ್ಯಾಪಾರ ಅತ್ತ ಹೋಯಿತು. ಆದರೂ ಸಿರಿವಂತರ ಮನೆಗಳು ಎದ್ದವು, ಅಮೃತಶಿಲೆ ಹಾಸಿದ ಸುಂದರ ಕೋಣೆಗಳು 4ನೇ ಶತಮಾನದವು. 387ರಲ್ಲಿ ಸಂತ ಅಗಸ್ಟೀನನ ತಾಯಿ ಮೋನಿಕಾ ಆಫ್ರಿಕಾಕ್ಕೆ ಮರಳಲು ಹಡಗಿಗೆ ಕಾಯುತ್ತ ಇಲ್ಲೇ ತೀರಿಕೊಂಡಳು. ಅವಳ ಸಮಾಧಿ ಶಾಸನದ ತುಂಡು 1945ರಲ್ಲಿ ಚರ್ಚಿನ ಪಕ್ಕ ಆಟದ ಕಂಬ ನೆಡಲು ಗುಂಡಿ ತೋಡಿದ ಹುಡುಗರಿಗೆ ಸಿಕ್ಕಿತು. ಆಮೇಲೆ ದಾಳಿ, ಮಲೇರಿಯಾ. 9ನೇ ಶತಮಾನದಲ್ಲಿ ಪೋಪ್ ನಾಲ್ಕನೇ ಗ್ರೆಗರಿ ಪಕ್ಕದಲ್ಲೇ ಕೋಟೆಯ ಪುಟ್ಟ ಹಳ್ಳಿ ಕಟ್ಟಿಸಿದ. ಈಗಲೂ ಜನರಿದ್ದಾರೆ, ಒಳಗೆ ನಡೆದು ಬರಬಹುದು. ಹಳೆಯ ಊರಿನ ಅಮೃತಶಿಲೆಯನ್ನು ಶತಮಾನಗಳ ಕಾಲ ಕಿತ್ತು ಸಾಗಿಸಿದರು, ಉಳಿದುದನ್ನು ಸುಣ್ಣದ ಗೂಡಿಗೆ ಹಾಕಿ ಸುಟ್ಟರು.

ಇನ್ನೊಂದು ಕಷ್ಟದ ಮಾತು. ಇಂದು ನೀವು ನೋಡುವ ಬಹುಭಾಗ 1938ರಿಂದ 1942ರೊಳಗೆ ಆತುರಾತುರವಾಗಿ ಅಗೆದದ್ದು. ಮುಸೊಲಿನಿ ಸರ್ಕಾರ 1942ರ ವಿಶ್ವ ಪ್ರದರ್ಶನಕ್ಕೆ ಊರನ್ನು ತೋರಿಸಬೇಕೆಂದಿತ್ತು, ಯುದ್ಧದಿಂದ ಪ್ರದರ್ಶನ ನಡೆಯಲೇ ಇಲ್ಲ. ಗುಯಿದೊ ಕಾಲ್ತ್ಸಾ ಆ ಅಗೆತದ ಮುಖ್ಯಸ್ಥರು. 2ನೇ ಶತಮಾನದ ವೈಭವ ಕಾಣಲೆಂದು ಮೇಲಿನ ಪದರಗಳನ್ನು, ಅಂದರೆ ಊರಿನ ಕೊನೆಯ ಶತಮಾನಗಳನ್ನು, ಸರಿಯಾಗಿ ದಾಖಲಿಸದೆ ಎತ್ತಿ ಹಾಕಿದರು. ಆ ನಷ್ಟ ತುಂಬುವಂಥದ್ದಲ್ಲ. ಅಗೆಯದೆ ಉಳಿದ ಭಾಗವನ್ನು ಈಗ ನಿಧಾನವಾಗಿ, ಮಣ್ಣಿನ ಒಂದೊಂದು ಪದರ ಬರೆದಿಟ್ಟುಕೊಂಡು ಅಗೆಯುತ್ತಿದ್ದಾರೆ, ಅದೊಂದು ಸಮಾಧಾನ.

ವಿಸೂವಿಯಸ್ ಅಭಿಮಾನಿ ಬರೆದದ್ದು:

ಗಾರೆ ಕೆಲಸ ಅವರ ಅಪಾರ್ಟ್‌ಮೆಂಟ್ ವಾದವನ್ನು ಒಪ್ಪಿದೆ. ಪೊಂಪೇಯ ಪರ ನನ್ನ ಮಾತು ಹಾಗೇ ಇದೆ, ಆದರೆ ಇನ್ನು ಮುಂದೆ ಕೇಳುವವರಿಗೆ ಎರಡನ್ನೂ ಹೇಳುತ್ತೇನೆ. ರೋಮ್‌ನಲ್ಲಿ ಮೂರು ದಿನ ಇದ್ದರೆ ಓಸ್ತಿಯಾ, ವಾರ ಇದ್ದರೆ ಎರಡೂ.

ಧಾರವಾಡ ಮಳೆ ಬರೆದದ್ದು:

ಎಲ್ಲಾರಿಗೂ ಶರಣ್ರಿ. ಅಪ್ಪಗ ಓದಿ ಹೇಳಿದೆ, ಅವರು ಎಪಿಎಂಸಿ ಅಡತಿ ಅಂಗಡ್ಯಾಗ ಲೆಕ್ಕ ಬರದಾವ್ರು. ಕೊಳಗದವರ ಚಿತ್ರ ನೋಡೇ ಬರಬೇಕು ಅಂತ ಹಟಾ ಹಿಡದಾರ. ಅಕ್ಕಾರ, ಅದು ಬಾಗಲಾದಿಂದ ಎಷ್ಟು ದೂರ ಆಕ್ಕತಿ? ಅವ್ವನ್ನ ನಾಟಕ ಶಾಲೆಯಾಗ ಕೂಡಿಸಿ ಹೋಗಿ ಬರಬೋದೇನ್ರಿ?

ರೋಮ್ ವಾಸಿ ಕನ್ನಡತಿ ಬರೆದದ್ದು:

ಹೋಗಿ ಬರಬಹುದು ತಮ್ಮಾ. ನಾಟಕ ಶಾಲೆಯಿಂದ ಮುಖ್ಯ ಬೀದಿಯಲ್ಲೇ ನೇರ ನಡೆದರೆ ಚೌಕದಲ್ಲಿ ಎತ್ತರದ ಇಟ್ಟಿಗೆ ದೇವಸ್ಥಾನ ಬರುತ್ತದೆ, ಕ್ಯಾಪಿಟೋಲಿಯಂ. ಅದನ್ನು ದಾಟಿ ಮುಂದೆ ಹೋದರೆ ರಸ್ತೆ ಎರಡಾಗಿ ಒಡೆಯುತ್ತದೆ. ಬಲಗಡೆಯದು ವಿಯಾ ದೆಲ್ಲಾ ಫೋಚೆ, ನದಿಯ ಬಾಯಿಗೆ ಹೋಗುತ್ತಿದ್ದ ಬೀದಿ. ಕೊಳಗದವರ ಸಭಾಂಗಣ ಆ ಬೀದಿಯಲ್ಲೇ ಇದೆ. ಅಪ್ಪನ ನಡಿಗೆಯಲ್ಲಿ ಹೋಗಿ ನೋಡಿ ಬರಲು ಒಂದು ಗಂಟೆ ಇಟ್ಟುಕೊಳ್ಳಿ. ಅಮ್ಮನಿಗೆ ಮೆಟ್ಟಿಲಿಗಿಂತ ಚೌಕದ ಕಡೆಯ ಮರದಡಿ ಅನುಕೂಲ. ನೀರಿನ ಬಾಟಲಿ ಅವರ ಕೈಯಲ್ಲಿ ಕೊಟ್ಟು ಹೋಗಿ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬನ್ನಿ, ಶಾಲಾ ಮಕ್ಕಳ ಗುಂಪು ಬರುವುದು ಹತ್ತರ ಮೇಲೆ.